ಎಣಿಸುವವಳ ಪುಟ

ಜಗಳವಾಡಲು ಪ್ರಪಂಚದಲ್ಲಿ ಕಾರಣಗಳೇ ಉಳಿದಿಲ್ಲ ಎಂದು ಯಾರಿಗಾದರೂ ಅನಿಸಿದರೆ ಅವರು ‘ಸುರಂಗದಾಚೆ’ ವಿಕಿಗೆ ಬಂದು ಒಂದು ವಾರ ಕೂರಬೇಕು. ‘ಸುರಂಗದಾಚೆ’ ಎಂದರೆ ಸುಮಾರು ನಲವತ್ತು ವರ್ಷದ ಹಿಂದೆ ಗುರುವಾರ ಗುರುವಾರ ರಾತ್ರಿ ರೇಡಿಯೋದಲ್ಲಿ ಬರುತ್ತಿದ್ದ ಧಾರಾವಾಹಿ. ಒಂದು ಪುಟ್ಟ ರೈಲು ನಿಲ್ದಾಣ, ಅದರ ಪಕ್ಕ ಮುಚ್ಚಿಹೋದ ಸುರಂಗ, ಅಲ್ಲಿನ ನಾಲ್ಕು ಜನ ನೌಕರರು, ಅವರ ಕಿವಿಗೆ ಬೀಳುವ ಸದ್ದುಗಳು. ಒಟ್ಟು ನೂರನಾಲ್ಕು ಕಂತು. ಪ್ರಸಾರವಾದದ್ದು ಒಂದೇ ಸಲ. ಟೇಪುಗಳೆಲ್ಲ ಹಾಳಾಗಿ ಹೋದವೆಂದು ಎಲ್ಲರೂ ಕೈಚೆಲ್ಲಿದ್ದರು. ಅದನ್ನು ಮರೆಯಲಾರದ ಏಳೆಂಟು ಜನ ಎಲ್ಲೆಲ್ಲಿಂದಲೋ ಇಂಟರ್ನೆಟ್ಟಿನಲ್ಲಿ ಒಟ್ಟು ಸೇರಿ, ಬರೀ ನೆನಪಿನಿಂದ ಕಂತಿಗೊಂದು, ಪಾತ್ರಕ್ಕೊಂದು ಪುಟ ಬರೆದು ಈ ವಿಕಿ ಕಟ್ಟಿದ್ದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಸಂಬಳವಿಲ್ಲ, ಓದುವವರೂ ಹೆಚ್ಚಿಲ್ಲ. ಹಾಗಾಗಿ ಜಗಳಕ್ಕೆ ಬೇಕಾದಷ್ಟು ಬಿಡುವಿತ್ತು.

ಜಗಳವೆಲ್ಲ ಹೆಸರಿನದು. ನಿಲ್ದಾಣದಲ್ಲಿ ಬೊಗಳುವ ನಾಯಿಯ ಪುಟಕ್ಕೆ ‘ನಾಯಿ’ ಎಂದು ಶೀರ್ಷಿಕೆ ಕೊಡಬೇಕೋ ‘ಸ್ಟೇಷನ್ ನಾಯಿ’ ಎಂದು ಕೊಡಬೇಕೋ ಎಂದು ಮೂರು ವಾರ ನಡೆದಿತ್ತು. “ಕರೆದ್ರೆ ಬರುತ್ತೆ ತಾನೆ, ಏನಂತ ಬರೆದ್ರೇನು” ಎಂದು ಡ್ರೈವರ್ ಹೇಳಿದ್ದಕ್ಕೆ ಎರಡೂ ಪಕ್ಷದವರು ಅವನ ಮೇಲೆ ಬಿದ್ದಿದ್ದರು. ಡ್ರೈವರ್ ನಿಜಕ್ಕೂ ಲಾರಿ ಡ್ರೈವರು. ಸರಕು ಇಳಿಸುವ ಹೊತ್ತಿನಲ್ಲಿ ಫೋನಿನಲ್ಲೇ ತಿದ್ದುಪಡಿ ಮಾಡುತ್ತಿದ್ದ. ವಿಕಿಯ ಯಜಮಾನಿಕೆ ನಿವೃತ್ತ ಗಣಿತದ ಮೇಷ್ಟ್ರದ್ದು. ಶೀರ್ಷಿಕೆಗಳ ನಿಯಮ ಅವರೇ ಬರೆದದ್ದು: ಕಥೆಯಲ್ಲಿ ಉಳಿದವರು ಏನೆಂದು ಕರೆಯುತ್ತಾರೋ ಅದೇ ಶೀರ್ಷಿಕೆ, ಸಂಬಂಧಸೂಚಕ ಪದ ಬೇಡ, ಕಥೆಯನ್ನು ಹೇಳುವಾಗ ವರ್ತಮಾನ ಕಾಲ. ಟೇಪಿಲ್ಲದ ಮೇಲೆ ಆಧಾರ ಎಲ್ಲಿಂದ ತರುವುದು? ಅದಕ್ಕೂ ಮೇಷ್ಟ್ರ ಬಳಿ ನಿಯಮವಿತ್ತು. ಬರೆದವರು ಪುಟದ ಕೆಳಗೆ ‘ಸ್ವತಃ ಕೇಳಿದ್ದೇನೆ’ ಎಂದು ಸಹಿ ಹಾಕಬೇಕು, ಇನ್ನೊಬ್ಬರು ‘ನಾನೂ ಕೇಳಿದ್ದೇನೆ’ ಎನ್ನಬೇಕು. ಇಬ್ಬರಾದರೆ ಪುಟ ನಿಂತಿತು.

ಈ ಏಳೆಂಟು ಜನರಲ್ಲಿ ಎಂಟು ವರ್ಷದಿಂದ ಬಿಡದೆ ಕಚ್ಚಾಡುತ್ತಿದ್ದವರು ಇಬ್ಬರು. ಒಬ್ಬಳು ಕನ್ನಡಕದಕ್ಕ. ನಲವತ್ತಾರರ ಹೆಂಗಸು, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಣ್ಣದೊಂದು ಕನ್ನಡಕದ ಅಂಗಡಿ, ಅದರ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಚಕ್ರ. ಇನ್ನೊಬ್ಬ ಪ್ರೂಫಣ್ಣ. ಯಾವುದೋ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಒಬ್ಬರ ಮುಖ ಒಬ್ಬರು ನೋಡಿಲ್ಲ, ಧ್ವನಿ ಕೇಳಿಲ್ಲ. ಅವನ ಗೊಣಗಾಟ ನೋಡಿ ತನಗಿಂತ ಹತ್ತು ವರ್ಷವಾದರೂ ದೊಡ್ಡವನಿರಬೇಕೆಂದು ಅವಳೇ ಅವನಿಗೆ ಅಣ್ಣನ ಪಟ್ಟ ಕಟ್ಟಿದ್ದಳು.

ಅವರ ಜಗಳ ಒಂದೇ ಪುಟದ ಮೇಲೆ. ಹದಿನಾಲ್ಕನೇ ಕಂತಿನಿಂದ ಸುರಂಗದೊಳಗೆ ಒಬ್ಬಳ ಧ್ವನಿ ಕೇಳಿಸುತ್ತದೆ. ಹಳಿಯ ಕೆಳಗಿನ ಮರದ ದಿಮ್ಮಿಗಳನ್ನು ಅವಳು ಒಂದು, ಎರಡು ಎಂದು ಎಣಿಸುತ್ತ ನಡೆಯುತ್ತಾಳೆ. ನಲವತ್ತೊಂದಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರು. ಕನ್ನಡಕದಕ್ಕ ಅವಳ ಪುಟಕ್ಕೆ ‘ಎಣಿಸುವವಳು’ ಎಂದು ಹೆಸರಿಟ್ಟಿದ್ದಳು. ಪುಟ ಹಾಕಿದ ತಿಂಗಳಿಗೇ ಪ್ರೂಫಣ್ಣ ಪ್ರತ್ಯಕ್ಷನಾಗಿ ‘ನಾನೂ ಕೇಳಿದ್ದೇನೆ’ ಎಂದು ಸಹಿ ಹಾಕಿ, ಅದರ ಬೆನ್ನಿಗೇ ಹೆಸರು ತಪ್ಪು ಎಂದಿದ್ದ.

“ಅವಳನ್ನ ಎಲ್ಲರೂ ತಂಗಿ ಅಂತ ಕರೀತಿದ್ರು ಅಕ್ಕ.”

“ತಂಗಿ ಅನ್ನೋದು ಹೆಸರಲ್ಲ ಪ್ರೂಫಣ್ಣ, ಸಂಬಂಧ. ಯಾರ ತಂಗಿ, ಅದನ್ನ ಹೇಳಿ.”

“ಅದನ್ನ ಕಥೆಯಲ್ಲಿ ಹೇಳಿಲ್ಲ.”

“ನಾನು ಕೇಳಿದ ಕಥೆಯಲ್ಲಿ ಯಾರೂ ಹಾಗೆ ಕರೀಲಿಲ್ಲ.”

“ನಾನು ಕೇಳಿದ್ದರಲ್ಲಿ ಕರೀತಿದ್ರು. ಕೈಯಲ್ಲಿ ಟಾರ್ಚೂ ಇತ್ತು.”

“ಇಬ್ಬರ ಮನೇಲೂ ಒಂದೇ ರೇಡಿಯೋ ತಾನೆ ಹಾಡ್ತಿದ್ದದ್ದು?” ಎಂದು ಡ್ರೈವರ್ ಮಧ್ಯೆ ಮೂಗು ತೂರಿಸಿದ್ದ.

ಟಾರ್ಚಿನ ವಾಕ್ಯವನ್ನು ಅವನು ಸೇರಿಸುತ್ತಿದ್ದ, ಅವಳು ಅಳಿಸುತ್ತಿದ್ದಳು. ಎಂಟು ವರ್ಷದಲ್ಲಿ ಹದಿನೇಳು ಸಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಎಂದು ಉಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ‘ತಂಗಿ’ ಎಂಬ ಪದ ಪರದೆಯ ಮೇಲೆ ಕಂಡಾಗಲೆಲ್ಲ ಅವಳು ಓದುವುದನ್ನು ಬಿಟ್ಟು ಎದ್ದುಹೋಗುತ್ತಿದ್ದಳು. ಯಾಕೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳುತ್ತಿರಲಿಲ್ಲ. ಕೆಲವು ಕದಗಳನ್ನು ತೆರೆಯದೆ ಬಿಡುವುದೇ ಮೇಲು ಎಂದು ಅವಳಿಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು.

ನಿಜ ಹೇಳಬೇಕೆಂದರೆ ಕನ್ನಡಕದಕ್ಕ ‘ಸುರಂಗದಾಚೆ’ಯ ಒಂದು ಕಂತನ್ನೂ ಕೇಳಿರಲಿಲ್ಲ. ನಲವತ್ತು ಪುಟಗಳ ಕೆಳಗೆ ‘ಸ್ವತಃ ಕೇಳಿದ್ದೇನೆ’ ಎಂದು ಹಾಕಿದ ನಲವತ್ತು ಸಹಿಯೂ ಸುಳ್ಳು. ಅವಳಿಗೆ ಆಗ ಒಂಬತ್ತು ವರ್ಷ. ಹೆದರಿ ಹಾಸಿಗೆ ಒದ್ದೆ ಮಾಡುತ್ತಾಳೆಂದು ಅಪ್ಪ ಎಂಟೂವರೆಗೇ ಮಲಗಿಸುತ್ತಿದ್ದರು. ಕೇಳುತ್ತಿದ್ದದ್ದು ಅವಳ ಅಕ್ಕ, ಹದಿಮೂರರ ಹುಡುಗಿ. ಮರುದಿನ ಬೆಳಿಗ್ಗೆ ಶಾಲೆಯ ದಾರಿಯಲ್ಲಿ ಅಕ್ಕ ಇಡೀ ಕಂತನ್ನು ಹೇಳುತ್ತಿದ್ದಳು. ಬಾಗಿಲು ಕಿರುಗುಟ್ಟುವುದು, ನಾಯಿ ಬೊಗಳುವುದು, ಸ್ಟೇಷನ್ ಮಾಸ್ಟರರ ಕೆಮ್ಮು, ಎಲ್ಲ ಅವಳೇ. ಕಥೆ ಮುಗಿಯದಿದ್ದರೆ ಶಾಲೆಯ ಗೇಟಿನ ಮುಂದೆ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವ ನೆಪದಲ್ಲಿ ಇಬ್ಬರೂ ಕೂತುಬಿಡುತ್ತಿದ್ದರು.

“ಯಾಕೆ ಎಣಿಸ್ತಾಳೆ ಅಕ್ಕ ಅವಳು?”

“ನಿಲ್ಲಿಸಿದ್ರೆ ಕತ್ತಲೆ ಅವಳನ್ನ ಕಂಡುಹಿಡಿದುಬಿಡುತ್ತೆ. ಅದಕ್ಕೆ.”

ಆ ಚಳಿಗಾಲದಲ್ಲಿ ಅಕ್ಕನಿಗೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯ ಮೂರನೇ ಮಹಡಿ. ಗುರುವಾರ ಮತ್ತು ಭಾನುವಾರ ಸಂಜೆ ಐದರಿಂದ ಆರು ನೋಡಲು ಬಿಡುತ್ತಿದ್ದರು, ಹನ್ನೆರಡರ ಒಳಗಿನ ಮಕ್ಕಳನ್ನು ಮಾತ್ರ ಮೇಲೆ ಬಿಡುತ್ತಿರಲಿಲ್ಲ. ಅಮ್ಮ ಮೇಲೆ ಹೋದರೆ ಇವಳು ಕೆಳಗೆ ಸೈಕಲ್ ಸ್ಟ್ಯಾಂಡಿನ ಪಕ್ಕ, ನೀರಿನ ಟ್ಯಾಂಕಿನ ಹತ್ತಿರ ನಿಲ್ಲುತ್ತಿದ್ದಳು. ಅಷ್ಟು ಹೊತ್ತಿಗೆ ಕತ್ತಲಾಗಿರುತ್ತಿತ್ತು. ಅಮ್ಮ ಇಳಿದು ಬಂದ ಮೇಲೆ, ಹೊರಡುವ ಮುಂಚೆ, ಅಪ್ಪನ ಟಾರ್ಚನ್ನು ಮೇಲಿನ ಕಿಟಕಿಯತ್ತ ಮೂರು ಸಲ ಹೊತ್ತಿಸಿ ಆರಿಸುತ್ತಿದ್ದಳು. ಕಿಟಕಿಯಲ್ಲಿ ಒಂದು ಕೈ ಆಡುತ್ತಿತ್ತು.

ಒಂದು ಗುರುವಾರ ಅವಳು ಹೋಗಲಿಲ್ಲ. ಹೊಟ್ಟೆನೋವೆಂದು ಸುಳ್ಳು ಹೇಳಿ, ಅಮ್ಮ ಹೊರಟ ಮೇಲೆ ಎದುರು ಮನೆಗೆ ಟಿ.ವಿ. ನೋಡಲು ಓಡಿದ್ದಳು. ಶನಿವಾರ ಅಕ್ಕ ಸತ್ತಳು. ಗುರುವಾರ ಕಿಟಕಿಗೆ ಬಂದಿದ್ದಳಾ ಎಂದು ತಿಂಗಳ ಮೇಲೆ ಕೇಳಿದಾಗ ಅಮ್ಮ, “ನಾನು ಹೊರಡೋ ಹೊತ್ತಿಗೆ ಮಲಗಿದ್ದಳು” ಎಂದಿದ್ದರು. ಅವಳು ಅದನ್ನು ಒಂದು ದಿನವೂ ನಂಬಲಿಲ್ಲ. ಮೂವತ್ತೇಳು ವರ್ಷದಿಂದ ಯಾವ ಕಟ್ಟಡದ ಮೂರನೇ ಮಹಡಿಯಲ್ಲಿ ಕಿಟಕಿ ಕಂಡರೂ ತಲೆ ತಗ್ಗಿಸಿ ನಡೆಯುತ್ತಿದ್ದಳು. ಅಪ್ಪ ಹೋದರು, ಅಮ್ಮ ಹೋದರು. ಅಕ್ಕನದೆಂದು ಉಳಿದದ್ದು ಈ ಕಥೆಗಳು, ಅದರಲ್ಲೂ ಆ ಎಣಿಸುವವಳು. ಆ ಪುಟವನ್ನು ದಿನಕ್ಕೊಂದು ಸಲವಾದರೂ ತೆರೆದು ನೋಡದಿದ್ದರೆ ಅವಳಿಗೆ ಅಂಗಡಿಯ ಬೀಗ ಹಾಕಲು ಮನಸ್ಸು ಬರುತ್ತಿರಲಿಲ್ಲ.

ಹೀಗಿರುವಾಗ ಟೇಪು ಸಿಕ್ಕಿತು. ರೇಡಿಯೋದ ಧ್ವನಿಮುದ್ರಣ ವಿಭಾಗದಲ್ಲಿದ್ದವರೊಬ್ಬರ ಮನೆ ಖಾಲಿ ಮಾಡುವಾಗ ಟ್ರಂಕಿನಲ್ಲಿ ಮೊದಲ ಅರವತ್ತು ಕಂತು ಇದ್ದವಂತೆ. ಮೇಷ್ಟ್ರು ಒಂದು ಬುಧವಾರ ಎಲ್ಲವನ್ನೂ ವಿಕಿಗೆ ಏರಿಸಿ, “ಇನ್ನು ನಮ್ಮ ಪುಟಗಳನ್ನೆಲ್ಲ ಹೋಲಿಸಿ ನೋಡಬಹುದು. ನನ್ನ ಜೀವನ ಸಾರ್ಥಕವಾಯಿತು” ಎಂದು ಬರೆದರು. ಡ್ರೈವರ್ ಲಾರಿಯನ್ನು ಬದಿಗೆ ಹಾಕಿ ಅತ್ತೇಬಿಟ್ಟೆ ಎಂದ. ಪ್ರೂಫಣ್ಣ ಏನೂ ಬರೆಯಲಿಲ್ಲ. ಕನ್ನಡಕದಕ್ಕ ‘ಬಹಳ ಸಂತೋಷ’ ಎಂದು ಟೈಪು ಮಾಡಿ ಫೋನನ್ನು ಮಗುಚಿ ಇಟ್ಟಳು.

ಮರುದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಹದಿನಾಲ್ಕನೇ ಕಂತು ಕೇಳಿದಳು. ಧಾರಾವಾಹಿ, ಪಾಪ, ಡಬ್ಬಾ ಆಗಿತ್ತು. ಪಾರ್ಸೆಲ್ ಗುಮಾಸ್ತ ಒಂದು ಪೆಟ್ಟಿಗೆ ಛತ್ರಿ ಕಳೆದುಕೊಂಡು ಹದಿನೈದು ನಿಮಿಷ ಹುಡುಕುತ್ತಾನೆ. ಅಕ್ಕನ ಬಾಯಲ್ಲಿ ಮೈ ನಡುಗಿಸಿದ್ದ ಸ್ಟೇಷನ್ ಮಾಸ್ಟರರ ಕೆಮ್ಮು ಇಲ್ಲಿ ಬರೀ ನೆಗಡಿ. ಹತ್ತೊಂಬತ್ತನೇ ನಿಮಿಷಕ್ಕೆ ಗುಮಾಸ್ತ ಸುರಂಗದ ಬಾಯಿಗೆ ಬಂದ. ನೀರು ತೊಟ್ಟಿಕ್ಕುವ ಸದ್ದು. ಇಲ್ಲಿಯೇ, ಈಗಲೇ, ‘ಒಂದು’ ಎಂದು ಧ್ವನಿ ಏಳಬೇಕು. ಅವಳು ಸದ್ದು ಹೆಚ್ಚಿಸಿದಳು. ನೀರು ತೊಟ್ಟಿಕ್ಕಿತು, ಗುಮಾಸ್ತ ಸೀನಿದ, ಛತ್ರಿ ಸಿಕ್ಕಿತು, ಕಂತು ಮುಗಿಯಿತು. ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಮುಂದಿನ ಕಂತುಗಳಲ್ಲೂ ಇಲ್ಲ. ಸುರಂಗದಲ್ಲಿ ಯಾರೂ ಇರಲಿಲ್ಲ. ಆ ಹುಡುಗಿಯನ್ನು ಅಕ್ಕ ತಾನೇ ಹುಟ್ಟಿಸಿ ಅಲ್ಲಿ ಬಿಟ್ಟಿದ್ದಳು.

ಅಂದಿನಿಂದ ಎಣಿಕೆ ಅವಳ ಬೆನ್ನು ಹತ್ತಿತು. ಚಕ್ರಕ್ಕೆ ಲೆನ್ಸಿನ ಅಂಚು ಹಿಡಿದರೆ ಅದರ ಸದ್ದಿನಲ್ಲಿ ಎಣಿಕೆ ಕೇಳುತ್ತಿತ್ತು. ಗಿರಾಕಿಯೊಬ್ಬರು ಗೋಡೆಯ ಅಕ್ಷರಗಳನ್ನು ಓದುತ್ತಿದ್ದಾಗ ತನ್ನ ತುಟಿ ಅಲ್ಲಾಡುತ್ತಿದೆ ಎಂದು ಅವಳಿಗೆ ಗೊತ್ತಾಯಿತು. “ಸರಿಯಾಗಿ ಓದಿದ್ನಾ ಅಕ್ಕ?” ಎಂದು ಅವರು ಕೇಳಿದರು. ಅವಳು ನಲವತ್ತೊಂದರಲ್ಲಿದ್ದಳು.

ಮುಂದಿನ ಬುಧವಾರ ಮೇಷ್ಟ್ರ ಟಿಪ್ಪಣಿ ಬಂತು. ‘ಎಣಿಸುವವಳು ಎಂಬ ಪಾತ್ರ ಅರವತ್ತು ಕಂತುಗಳಲ್ಲಿ ಎಲ್ಲೂ ಇಲ್ಲ. ಇಬ್ಬರು ಸದಸ್ಯರು ಸ್ವತಃ ಕೇಳಿದ್ದಾಗಿ ಸಹಿ ಮಾಡಿದ್ದಾರೆ. ದಯವಿಟ್ಟು ವಿವರಣೆ ಕೊಡಿ. ಇಲ್ಲದಿದ್ದರೆ ಭಾನುವಾರ ಸಂಜೆ ಆರಕ್ಕೆ ಪುಟ ಅಳಿಸಲಾಗುವುದು.’ ಕೆಳಗೆ ಡ್ರೈವರ್ ಬರೆದಿದ್ದ: ‘ಎಂಟು ವರ್ಷ ಇಬ್ಬರೂ ಇಲ್ಲದವಳ ಹೆಸರಿಗೆ ಬಡಿದಾಡಿದ್ರಾ.’ ತಮಾಷೆಗೇ ಬರೆದದ್ದು. ಅವಳಿಗೆ ಕಣ್ಣು ಮಂಜಾಯಿತು. ಇದ್ದ ಒಬ್ಬ ಅಕ್ಕನನ್ನು ಒಮ್ಮೆ ಮಣ್ಣಿಗೆ ಕೊಟ್ಟದ್ದಾಗಿತ್ತು. ಈಗ ಉಳಿದ ಚೂರನ್ನೂ ಕೊಡು ಎನ್ನುತ್ತಿದ್ದಾರೆ, ಅದೂ ದಿನ, ಗಂಟೆ ಗೊತ್ತುಮಾಡಿ.

ಸುಳ್ಳು ಸಹಿ ಹಾಕಿದ್ದು ಒಪ್ಪಿಕೊಂಡರೆ ಪುಟ ಹೋಗುತ್ತದೆ. ಕೊನೆಯ ನಲವತ್ತನಾಲ್ಕು ಕಂತಿನ ಟೇಪು ಇನ್ನೂ ಸಿಕ್ಕಿಲ್ಲ, ಅಲ್ಲಿ ಬಂದಿದ್ದಳು, ನನ್ನ ನೆನಪು ಹಿಂದುಮುಂದಾಯಿತು ಎಂದರೆ ಪುಟ ಉಳಿಯುತ್ತದೆ. ಅದನ್ನೇ ಬರೆಯಲು ಕೂತಳು. ಅರ್ಧ ವಾಕ್ಯ ಬರೆದಿದ್ದಳು, ಅಷ್ಟರಲ್ಲಿ ಒಂದು ಯೋಚನೆ ಬಂದು ಅವಳ ಬೆರಳು ನಿಂತಿತು. ತನ್ನ ಸಹಿ ಸುಳ್ಳು, ಸರಿ. ಆದರೆ ಅವನದು? ಅಕ್ಕ ಶಾಲೆಯ ದಾರಿಯಲ್ಲಿ ತನಗೊಬ್ಬಳಿಗೇ ಹೇಳಿದ ಹುಡುಗಿಯನ್ನು ಪ್ರೂಫಣ್ಣ ಎಲ್ಲಿ ಕೇಳಿದ?

ಮಟಮಟ ಮಧ್ಯಾಹ್ನ, ಹೊರಗೆ ಬಸ್ಸಿನವರು ಕೂಗುತ್ತಿದ್ದರು. ಅವನಿಗೆ ಖಾಸಗಿಯಾಗಿ ಬರೆದಳು: ‘ನೀವು ಯಾಕೆ ಸಹಿ ಹಾಕಿದಿರಿ?’ ಜೊತೆಗೆ ತನ್ನ ನಂಬರು. ಹತ್ತು ನಿಮಿಷಕ್ಕೆ ಫೋನು ಬಂತು. ಹಿಂದೆ ಮುದ್ರಣಯಂತ್ರ ದಡಬಡ ಎನ್ನುತ್ತಿತ್ತು. ಧ್ವನಿ ಮುದುಕನದಲ್ಲ.

“ಅಕ್ಕ, ನಾನು ಪ್ರೂಫು. ತಪ್ಪಾಯ್ತು. ನಾನು ರೇಡಿಯೋದಲ್ಲಿ ಕೇಳಿದ್ದಲ್ಲ.”

“ಮತ್ತೆಲ್ಲಿ?”

“ಆಸ್ಪತ್ರೆಯಲ್ಲಿ. ನನಗೆ ಏಳು ವರ್ಷ, ಕಾಲಿನ ಮೂಳೆಗೆ ಕೀವಾಗಿ ನಾಲ್ಕು ತಿಂಗಳು ಮಲಗಿದ್ದೆ. ವಾರ್ಡಿನಲ್ಲಿ ರೇಡಿಯೋ ಇರಲಿಲ್ಲ. ಪಕ್ಕದ ಹಾಸಿಗೇಲಿ ಒಬ್ಬ ಅಕ್ಕ ಇದ್ದರು. ಗುರುವಾರ ಗುರುವಾರ ದೀಪ ಆರಿಸೋ ಮುಂಚೆ ‘ಸುರಂಗದಾಚೆ’ ಅಂತ ಶುರು ಮಾಡೋರು. ರೇಡಿಯೋದಲ್ಲಿ ಬಂದದ್ದನ್ನೇ ಹೇಳ್ತಾರೆ ಅಂದ್ಕೊಂಡಿದ್ದೆ.”

ಕನ್ನಡಕದಕ್ಕ ಕೌಂಟರಿನ ಗಾಜನ್ನು ಹಿಡಿದುಕೊಂಡಳು.

“ದೊಡ್ಡವನಾದ ಮೇಲೆ ಆ ಹುಡುಗಿನ ಹುಡುಕಿದೆ ಅಕ್ಕ. ಎಲ್ಲಾ ಕಡೆ ಹುಡುಕಿದೆ. ಸಿಕ್ಕಿದ್ದು ನಿಮ್ಮ ಪುಟ ಒಂದೇ. ಸದ್ಯ, ನಿಜವಾಗಿ ಇದ್ದಳಲ್ಲ ಅಂತ ಸಹಿ ಹಾಕಿದೆ. ಹೆಸರು ಮಾತ್ರ ಬೇರೆ ಇತ್ತು. ಮೊನ್ನೆ ಟೇಪ್ ಕೇಳಿದ ಮೇಲೆ ಗೊತ್ತಾಯ್ತು, ಅದು ಅವರು ಕಟ್ಟಿದ ಕಥೆ ಅಂತ. ಹಾಗಾದ್ರೆ ಅದು ಗೊತ್ತಿರೋ ಇನ್ನೊಬ್ಬರು ಯಾರಿರಬಹುದು ಅಂತ ವಾರವೆಲ್ಲ ಯೋಚನೆ ಮಾಡಿದೆ. ಕೇಳೋ ಧೈರ್ಯ ಬರಲಿಲ್ಲ. ಕೆಳಗೆ ಟ್ಯಾಂಕಿನ ಹತ್ರ ಟಾರ್ಚ್ ಹಿಡ್ಕೊಂಡು ನಿಲ್ತಿದ್ದವರು ನೀವೇನಾ?”

“ಹೂಂ” ಎಂದಳು.

“ನನ್ನ ಹಾಸಿಗೆ ಕಿಟಕಿ ಪಕ್ಕ ಇತ್ತು. ನಿಮ್ಮನ್ನ ಎಷ್ಟು ಸಲ ನೋಡಿದ್ದೀನಿ. ಕಥೆಯಲ್ಲಿ ಸುರಂಗದ ಆ ಕಡೆ ತಂಗಿ ಟಾರ್ಚ್ ಹಿಡಿದು ನಿಂತಿದ್ದಾಳೆ, ಒಳಗಿರೋರನ್ನ ಹೊರಗೆ ಕರ್ಕೊಂಡು ಬರೋಕೆ ದಿಮ್ಮಿ ಎಣಿಸ್ತಾ ಬರ್ತಾಳೆ ಅಂತ ಹೇಳೋರು. ನನಗೆ ಆ ಕಥೆಯ ತಂಗಿನೂ ಕೆಳಗಿನ ಹುಡುಗಿನೂ ಒಬ್ಬಳೇ.”

ಅವಳು ಕೇಳಬಾರದೆಂದುಕೊಂಡಳು. ಆ ವಾರ್ಡಿನಲ್ಲಿದ್ದು, ಆ ಸಂಜೆಯನ್ನು ಕಂಡು, ಇವತ್ತಿಗೂ ಬದುಕಿರುವವನು ಇವನೊಬ್ಬನೇ. ಇವನ ಬಾಯಿಂದ ಬಂದರೆ ಅದು ಮುಗಿಯಿತು, ಮತ್ತೆ ಅಳಿಸುವ ಹಾಗಿಲ್ಲ. ಆದರೂ ಕೇಳಿದಳು.

“ಕೊನೇ ಗುರುವಾರ... ನಮ್ಮಕ್ಕ ಕಿಟಕಿಗೆ ಬಂದಿದ್ಲಾ?”

“ಬಂದಿದ್ರು. ಅಲ್ಲಿವರೆಗೂ ಮಲಗೇ ಇದ್ದರು. ನಿಮ್ಮ ಅಮ್ಮ ಹೋದ ಮೇಲೆ ಎದ್ದು ನನ್ನ ಹಾಸಿಗೆ ಮೇಲೆ ಮೊಣಕಾಲೂರಿ ನೋಡ್ತಾ ಕೂತ್ರು. ನರ್ಸ್ ಬಂದು ಬೈದರೂ ಏಳಲಿಲ್ಲ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಮೇಲೆ, ‘ಬಂದ್ಲು ನೋಡು’ ಅಂದ್ರು.”

“ಸುಮ್ಮನೆ ಹೇಳಿರ್ತಾಳೆ.”

“ಇಲ್ಲ ಅಕ್ಕ. ನಾನೂ ನೋಡಿದೆ. ಟ್ಯಾಂಕಿನ ಪಕ್ಕದಲ್ಲೇ. ಮೂರು ಸಲ ಹತ್ತಿ ಆರಿತು. ನಿಮ್ಮಕ್ಕ ಕೈ ಬೀಸಿದ್ರು. ಆಮೇಲೆ ಮಲಗಿಕೊಂಡ್ರು, ಚೆನ್ನಾಗಿ ನಿದ್ದೆ ಮಾಡಿದ್ರು.”

ಆ ಸಂಜೆ ಟಾರ್ಚು ಮನೆಯಲ್ಲಿ, ಅಪ್ಪನ ಮೇಜಿನ ಡ್ರಾಯರಿನಲ್ಲಿತ್ತು. ಅವಳು ಎದುರು ಮನೆಯ ಚಾಪೆಯ ಮೇಲೆ ಟಿ.ವಿ. ಮುಂದೆ ಬಾಯಿ ಬಿಟ್ಟುಕೊಂಡು ಕೂತಿದ್ದಳು. ಹೌದು, ನಾನೇ ಎಂದುಬಿಟ್ಟರೆ ಆಗಿತ್ತು. ಆದರೆ ಸುಳ್ಳು ಸಹಿ ಹಾಕಿ ಹಾಕಿ ಅವಳಿಗೆ ಸಾಕಾಗಿತ್ತು.

“ನಾನು ಅವತ್ತು ಬಂದಿರಲಿಲ್ಲ” ಎಂದಳು.

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿತು.

“ಯಾರೋ ಸೈಕಲ್ ಹುಡುಕ್ತಿದ್ದವರು ಇರಬಹುದು” ಎಂದ ಅವನು ಕೊನೆಗೆ.

“ಇರಬಹುದು.”

“ಆದ್ರೆ ಅಕ್ಕ, ಅವರು ಮೇಲೆ ನೋಡಿದ್ರು. ಆಗಿನ ನಿಮ್ಮಷ್ಟೇ ಎತ್ತರ. ಮೇಲೆ ನೋಡಿ ಕೈ ಬೀಸಿದ್ರು.”

ಅವಳು ಅಳುತ್ತಿದ್ದಳು. ಹೆದರಿಕೆಯೂ ಆಗಿತ್ತು, ಸಮಾಧಾನವೂ ಆಗಿತ್ತು, ಅದು ಯಾರೇ ಇರಲಿ ಅವರ ಕಾಲಿಗೆ ಬೀಳಬೇಕೆಂದೂ ಅನಿಸಿತು. ಬಾಗಿಲಲ್ಲಿ ಗಿರಾಕಿಯೊಬ್ಬರು ಬಂದು ನಿಂತು, ಅವಳ ಮುಖ ನೋಡಿ ಸದ್ದಿಲ್ಲದೆ ಹಿಂದೆ ಸರಿದರು.

“ಮೇಷ್ಟ್ರಿಗೆ ನಾನು ನಿಜ ಬರೀತೀನಿ ಪ್ರೂಫಣ್ಣ. ಪುಟ ಹೋಗುತ್ತೆ.”

“ನಂದೂ ಸೇರಿಸಿ ಬರೀರಿ. ಅಣ್ಣ ಅನ್ಬೇಡಿ, ನಾನು ನಿಮಗಿಂತ ಎರಡು ವರ್ಷ ಚಿಕ್ಕವನು.” ಆಮೇಲೆ ಕೇಳಿದ, “ಹೋಗೋ ಮುಂಚೆ ಆ ಕೊನೇ ಗುರುವಾರದ್ದು ಒಂದು ಸಾಲು ಸೇರಿಸಲಾ? ಹೇಗೆ ಬರೀಲಿ ಅಂತ ಗೊತ್ತಾಗ್ತಿಲ್ಲ.”

“ನೀವು ನೋಡಿದ ಹಾಗೇ ಬರೀರಿ.”

ಅವಳು ಮೇಷ್ಟ್ರಿಗೆ ಎಲ್ಲವನ್ನೂ ಬರೆದು ಕಳಿಸಿದಳು. ನಲವತ್ತು ಸಹಿಯ ವಿಷಯವನ್ನೂ ಬರೆದಳು. ಆಮೇಲೆ ಪುಟ ತೆರೆದು, ಎಂಟು ವರ್ಷ ಹಲ್ಲು ಕಚ್ಚಿ ಕಾದುಕೊಂಡಿದ್ದ ಶೀರ್ಷಿಕೆಯನ್ನು ತೆಗೆದು, ‘ತಂಗಿ’ ಎಂದು ಬದಲಿಸಿದಳು. ಕಾರಣ ಕೇಳುವ ಜಾಗದಲ್ಲಿ ಏನೂ ಬರೆಯಲಿಲ್ಲ. ಅರ್ಧ ಗಂಟೆಯ ಮೇಲೆ ಪುಟದ ಕೊನೆಯಲ್ಲಿ ಹೊಸ ಸಾಲೊಂದು ಬಂತು. ಕರಡು ತಿದ್ದುವವನ ಅಚ್ಚುಕಟ್ಟು, ಮೇಷ್ಟ್ರ ನಿಯಮದಂತೆ ವರ್ತಮಾನ ಕಾಲ.

‘ಕೊನೆಯ ಗುರುವಾರ ತಡವಾಗಿ ತಂಗಿ ಬರುತ್ತಾಳೆ. ಟಾರ್ಚನ್ನು ಮೂರು ಸಲ ಹೊತ್ತಿಸುತ್ತಾಳೆ. ಅಕ್ಕ ನೋಡುತ್ತಾಳೆ.’

ಅಂಗಡಿಯಲ್ಲಿ ನಿಂತೇ ಅವಳು ಅದನ್ನು ಓದಿದಳು. ಭಾನುವಾರ ಸಂಜೆ ಆರಕ್ಕೆ ಮೇಷ್ಟ್ರು ಪುಟವನ್ನು ಅಳಿಸಿದರು. ಅಲ್ಲಿಯವರೆಗಿನ ನಾಲ್ಕು ದಿನ ಆ ಸಾಲಿನ ಒಂದಕ್ಷರವನ್ನೂ ಅವಳು ತಿದ್ದಲಿಲ್ಲ.